ನೌಕರಿ ಬಿಟ್ಟು ಲೈಫ್ ಕೋಚ್ ಆಗಲೇ?

ಪ್ರಶ್ನೆ: ನನಗೆ 39 ವರ್ಷ. ಹುಬ್ಬಳ್ಳಿಯ ಒಂದು ಖಾಸಗಿ ಬ್ಯಾಂಕಿನಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೈಗೆ ತಿಂಗಳಿಗೆ 58,000 ರೂಪಾಯಿ ಬರುತ್ತದೆ. ಓದಿದ್ದು ಬಿ.ಕಾಂ. ಸಹೋದ್ಯೋಗಿಗಳು, ನೆಂಟರು, ಅಪಾರ್ಟ್‌ಮೆಂಟಿನ ಹೆಂಗಸರು ಏನೇ ಕಷ್ಟ ಬಂದರೂ ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ. 'ನಿಮ್ಮ ಹತ್ರ ಮಾತಾಡಿದ್ರ ದಾರಿ ಸಿಗತೈತ್ರಿ' ಎನ್ನುತ್ತಾರೆ. ಇತ್ತೀಚೆಗೆ 99 ರೂಪಾಯಿ ಕಟ್ಟಿ ಲೈಫ್ ಕೋಚಿಂಗ್ ವೆಬಿನಾರ್ ಒಂದಕ್ಕೆ ಕೂತಿದ್ದೆ. ಕೊನೆಯಲ್ಲಿ 1,80,000 ರೂಪಾಯಿಯ ಕೋರ್ಸ್ ಇದೆ, ಜಿಎಸ್‌ಟಿ ಬೇರೆ, ನೋ ಕಾಸ್ಟ್ ಇಎಂಐ ಸಿಗುತ್ತದೆ, ಅಂತರರಾಷ್ಟ್ರೀಯ ಮಾನ್ಯತೆಯ ಸರ್ಟಿಫಿಕೇಟ್ ಬರುತ್ತದೆ, ಆರು ತಿಂಗಳಲ್ಲಿ ತಿಂಗಳಿಗೆ ಎರಡು ಲಕ್ಷ ಗಳಿಸಬಹುದು ಎಂದರು. ಅಂದು ರಾತ್ರಿ 12ರೊಳಗೆ ಸೇರಿದರೆ ರಿಯಾಯಿತಿಯೂ ಇತ್ತು. ಯಜಮಾನರಿಗೆ ಒಪ್ಪಿಗೆಯಿಲ್ಲ. ಸೈಕಾಲಜಿ ಓದದೆ ಈ ಕೆಲಸ ಮಾಡಬಹುದೇ? ಕನ್ನಡದಲ್ಲೇ ಮಾಡಿದರೆ ನಡೆಯುತ್ತದೆಯೇ? ನೌಕರಿ ಬಿಟ್ಟು ಇಳಿಯಲೇ?
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಕೆಲಸ ನಿಮಗೆ ಒಗ್ಗುತ್ತದೆಯೇ, ಈ ಕೋರ್ಸಿಗೆ ಅಷ್ಟು ದುಡ್ಡು ಸುರಿಯಬಹುದೇ, ಇದರಿಂದ ಮನೆ ನಡೆಯುತ್ತದೆಯೇ. ಕೋರ್ಸ್ ಮಾರುವವರು ಮೂರಕ್ಕೂ ಸೇರಿಸಿ 'ಇವತ್ತೇ ಸೇರಿ' ಎಂಬ ಒಂದೇ ಉತ್ತರ ಕೊಡುತ್ತಾರೆ. ಬಿಡಿಸಿ ನೋಡಿದರೆ ಉತ್ತರಗಳು ಬೇರೆ ಬೇರೆ. ಕೆಲಸವನ್ನು ಕಲಿಯಬಹುದು, ನಿಮ್ಮ ವಯಸ್ಸಾಗಲಿ ಬಿ.ಕಾಂ. ಆಗಲಿ ಅಡ್ಡಿಯಲ್ಲ. ಆ ಕೋರ್ಸಿಗೆ ಈಗ ದುಡ್ಡು ಕಟ್ಟಬೇಡಿ. ಮನೆ ನಡೆಸುವಷ್ಟು ಆದಾಯಕ್ಕೆ ಎರಡು ವರ್ಷವಾದರೂ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ, ಅಲ್ಲಿಯವರೆಗೆ ನೌಕರಿ ಬಿಡುವ ಮಾತು ಬೇಡ.

ಸೈಕಾಲಜಿ ಓದಿರಲೇಬೇಕೆ?

ಕಾನೂನಿನ ಪ್ರಕಾರ ಬೇಕಿಲ್ಲ. ಲೈಫ್ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಭಾರತದಲ್ಲಿ ಲೈಸೆನ್ಸ್ ಎಂಬುದಿಲ್ಲ. ಇದು ಅನುಕೂಲವೆಂದು ತೋರಬಹುದು, ಆದರೆ ಈ ವೃತ್ತಿಯ ದೊಡ್ಡ ತಲೆನೋವೂ ಇದೇ. ಮೊನ್ನೆ ವಾರಾಂತ್ಯದ ತರಬೇತಿ ಮುಗಿಸಿದವರ ಬೋರ್ಡೂ ಹದಿನೈದು ವರ್ಷ ದುಡಿದವರ ಬೋರ್ಡೂ ನೋಡಲು ಒಂದೇ, ನಂಬಿಕೆ ಕಳೆದುಕೊಂಡ ಗ್ರಾಹಕರು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ವಿಷಯ ಹಾಗಲ್ಲ. ಅವರು 1992ರ ಕಾಯ್ದೆಯಂತೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಾಯಿಸಿಕೊಂಡಿರಬೇಕು. ಆದ್ದರಿಂದ ನಿಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಸೈಕಾಲಜಿಸ್ಟ್, ಥೆರಪಿಸ್ಟ್, ಕೌನ್ಸೆಲರ್, ಹೀಲರ್ ಇಂಥ ಯಾವ ಪದವೂ ಇರಕೂಡದು. ಕೆಲವು ಕೋರ್ಸುಗಳು ಇವನ್ನೆಲ್ಲ ಒಟ್ಟಿಗೆ ಸೇರಿಸಿಯೇ ಸರ್ಟಿಫಿಕೇಟ್ ಕೊಡುತ್ತವೆ. ಹಾಗೆ ಕೊಡುವ ಕಡೆ ಸೇರದಿರುವುದೇ ಲೇಸು.

ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವುದು ವೈದ್ಯರ, ಸೈಕಾಲಜಿಸ್ಟರ ಕೆಲಸ. ತಾನು ನಡೆದ ದಾರಿಯನ್ನು ಇನ್ನೊಬ್ಬರಿಗೆ ತೋರಿಸುವುದು ಮೆಂಟರ್ ಕೆಲಸ. ಕೋಚ್ ಮುಂದೆ ಬಂದು ಕೂರುವವರು ಮೂಲತಃ ಆರೋಗ್ಯವಾಗಿದ್ದು, ಒಂದು ನಿರ್ಧಾರದಲ್ಲೋ ಅಭ್ಯಾಸದಲ್ಲೋ ಸಿಕ್ಕಿಕೊಂಡಿರುವವರು. ಅವರು ತಮಗೆ ಬೇಕಾದದ್ದೇನು ಎಂದು ತಾವೇ ಸ್ಪಷ್ಟ ಮಾಡಿಕೊಂಡು, ಹದಿನೈದು ದಿನಕ್ಕೊಂದು ಹೆಜ್ಜೆ ಇಟ್ಟು, ಏನಾಯಿತೆಂದು ಬಂದು ಹೇಳುವಂತೆ ನೋಡಿಕೊಳ್ಳುವುದಷ್ಟೇ ಕೋಚ್ ಕೆಲಸ. ಇದರಿಂದ ಉಪಯೋಗವಿದೆಯೇ ಎಂಬ ಬಗ್ಗೆ ಅಧ್ಯಯನಗಳು ನಡೆದಿವೆ, ಫಲಿತಾಂಶವೂ ಒಟ್ಟಾರೆ ಒಳ್ಳೆಯದೇ. ಆದರೆ ಅವುಗಳಲ್ಲಿ ಹೆಚ್ಚಿನವು ಕಂಪನಿಗಳ ಒಳಗೆ ನಡೆದ ಕೋಚಿಂಗ್ ಕುರಿತಾದವು. 'ಬದುಕೇ ಬದಲಾಗುತ್ತದೆ' ಎಂಬ ಜಾಹೀರಾತಿಗೆ ಅಷ್ಟು ಆಧಾರವಿಲ್ಲ. ಕೋರ್ಸುಗಳಲ್ಲಿ ತುರುಕುವ ಎನ್‌ಎಲ್‌ಪಿ (ಮಾತಿನ ತಂತ್ರಗಳಿಂದ ಮನಸ್ಸಿನ ರೂಢಿ ಬದಲಿಸಬಹುದೆಂಬ ಪದ್ಧತಿ), ಬಯಸಿದ್ದು ತಾನಾಗಿ ಬರುತ್ತದೆಂಬ 'ಆಕರ್ಷಣೆಯ ನಿಯಮ', ಕೈಬರಹ ನೋಡಿ ಸ್ವಭಾವ ಹೇಳುವುದು, ಇವುಗಳ ವೈಜ್ಞಾನಿಕ ಬುನಾದಿಯಂತೂ ಇನ್ನೂ ದುರ್ಬಲ.

ಸಲಹೆ ಕೊಡುವ ಗುಣವೇ ಮೊದಲ ಅಡ್ಡಿ

ಜನ ನಿಮ್ಮ ಹತ್ತಿರ ಬಂದು ಹೇಳಿಕೊಳ್ಳುತ್ತಾರೆ ಎಂಬುದು ಒಳ್ಳೆಯ ಲಕ್ಷಣ. ನಿಮ್ಮ ಮೇಲೆ ಅವರಿಗೆ ನಂಬಿಕೆಯಿದೆ. ಕೋಚಿಂಗ್‌ನಲ್ಲಿ ಫಲ ಸಿಗುವುದು ಬಹುಮಟ್ಟಿಗೆ ಆ ನಂಬಿಕೆಯ ಮೇಲೆಯೇ ನಿಂತಿದೆ. ಆದರೆ 'ದಾರಿ ಸಿಗತೈತಿ' ಎಂದು ಅವರು ಹೇಳುವಾಗ ದಾರಿ ತೋರಿಸುತ್ತಿರುವುದು ನೀವು. ಸಲಹೆ ಕೊಡುವುದರಲ್ಲಿ ಪಳಗಿದವರಿಗೆ ಕೋಚಿಂಗ್ ಕಲಿಯುವುದು ಹೊಸಬರಿಗಿಂತ ಕಷ್ಟ. ಒಂದು ಉದಾಹರಣೆ ನೋಡಿ. ನಿಮ್ಮಂತೆ ಬ್ಯಾಂಕಿನಲ್ಲಿರುವ ಹೆಣ್ಣುಮಗಳೊಬ್ಬಳು ಬಂದು ಹೀಗೆನ್ನುತ್ತಾಳೆ:

'ಪ್ರಮೋಷನ್ ಬಂದೈತ್ರಿ, ಆದ್ರ ಬೆಳಗಾವಿಗೆ ಹೋಗಬೇಕು. ಮನ್ಯಾಗ ಅತ್ತಿಯವರು ಒಪ್ಪಂಗಿಲ್ಲ. ಏನ್ ಮಾಡ್ಲಿ?'

ಹತ್ತಿರದವರು ಕೊಡುವ ಉತ್ತರ: 'ಬೆಳಗಾವಿ ಏನ್ ದೂರ ಐತಿ, ವಾರಕ್ಕೊಮ್ಮೆ ಬಂದು ಹೋಗು. ಅತ್ತಿಗೆ ನಿನ್ನ ಗಂಡನ ಕಡಿಂದ ಹೇಳಿಸು.' ಸಲಹೆ ಕೆಟ್ಟದ್ದಲ್ಲ. ಆದರೆ ಅವಳು ಅದರಂತೆ ನಡೆದು ಮನೆಯಲ್ಲಿ ರಂಪವಾದರೆ ಹೊಣೆ ನಿಮ್ಮದು. ಹೆಚ್ಚಿನ ಸಲ ಅವಳು 'ಹೌದ್ರಿ, ಆದ್ರ...' ಎಂದು ಶುರು ಮಾಡುತ್ತಾಳೆ. ಒಂದು ಸೆಷನ್ನಿನಲ್ಲಿ 'ಹೌದ್ರಿ, ಆದ್ರ' ಮೂರು ಸಲ ಕೇಳಿಸಿತೆಂದರೆ, ಗ್ರಾಹಕಿಗಿಂತ ಹೆಚ್ಚು ದುಡಿಯುತ್ತಿರುವುದು ನೀವು ಎಂದರ್ಥ.

ಕೋಚ್ ಇಲ್ಲಿ ಕೇಳುವುದು: 'ಈ ಒಂದು ತಾಸಿನ್ಯಾಗ ಏನು ಸ್ಪಷ್ಟ ಆದ್ರ ಬಂದಿದ್ದು ಸಾರ್ಥಕ ಅನ್ನಿಸ್ತೈತ್ರಿ?' ಬಳಿಕ ಬಾಯಿ ಮುಚ್ಚಿ ಕೂರುವುದು. ಐದಾರು ಸೆಕೆಂಡಿನ ಮೌನ ಹೊಸಬರಿಗೆ ಐದು ನಿಮಿಷದಂತೆ ಅನ್ನಿಸುತ್ತದೆ. ಅದನ್ನು ತುಂಬುವ ಚಪಲಕ್ಕೆ ಇನ್ನೊಂದು ಪ್ರಶ್ನೆ ಎಸೆಯುತ್ತಾರೆ, ಅಲ್ಲಿಗೆ ಮೊದಲ ಪ್ರಶ್ನೆ ಸತ್ತಿತು. ಕಾದರೆ ಅವಳೇ ಹೇಳಬಹುದು: 'ಖರೇ ಹೇಳಬೇಕಂದ್ರ, ನನಗ ಹೋಗೋ ಮನಸ್ಸು ಐತೋ ಇಲ್ಲೋ ಅದ ತಿಳೀವಲ್ದು.' ಈಗ ನೋಡಿ, ಸಮಸ್ಯೆ ಅತ್ತೆಯದ್ದಲ್ಲ. ನೀವು ಅತ್ತೆಯನ್ನು ಒಪ್ಪಿಸುವ ಉಪಾಯ ಹೇಳಿಕೊಡುತ್ತ ಕೂತಿದ್ದರೆ ಒಂದು ತಾಸು ತಪ್ಪು ಬಾಗಿಲು ತಟ್ಟಿದಂತಾಗುತ್ತಿತ್ತು. ಮುಂದಿನ ಪ್ರಶ್ನೆ: 'ಅತ್ತಿಯವರು ನಾಳೆನೇ ಹೂಂ ಅಂದ್ರು ಅಂತ ಇಟ್ಕೊಳ್ರಿ. ಆಗ ಏನ್ ಮಾಡ್ತೀರಿ?'

ತರಬೇತಿಗಳಲ್ಲಿ ಗ್ರೋ ಎಂಬ ಮಾದರಿ ಕಲಿಸುತ್ತಾರೆ: ಗುರಿ, ಸದ್ಯದ ಸ್ಥಿತಿ, ಇರುವ ಆಯ್ಕೆಗಳು, ಮಾಡುವ ನಿಶ್ಚಯ. ಒಂದು ತಾಸಿನ ಸೆಷನ್ನಿಗೆ ಇದನ್ನು ಹಂಚಿದರೆ ಗುರಿಗೆ ಸುಮಾರು 15 ನಿಮಿಷ, ಸ್ಥಿತಿಗೆ 15, ಆಯ್ಕೆಗಳಿಗೆ 15, ನಿಶ್ಚಯಕ್ಕೆ 10, ಮುಂದಿನ ದಿನಾಂಕಕ್ಕೂ ಹೇಗನ್ನಿಸಿತೆಂಬುದಕ್ಕೂ 5. ಮಾದರಿ ಸುಲಭ, ಎಡವುವುದು ಮೊದಲ ಹೆಜ್ಜೆಯಲ್ಲೇ. ಗ್ರಾಹಕರು ಬಾಗಿಲಲ್ಲಿ ಹೇಳಿದ ಮೊದಲ ವಾಕ್ಯವನ್ನೇ ಗುರಿಯೆಂದು ಹಿಡಿದು ಹೊಸಬರು ಐದನೇ ನಿಮಿಷಕ್ಕೇ ಆಯ್ಕೆಗಳಿಗೆ ಓಡುತ್ತಾರೆ. ಕೊನೆಯ ಹೆಜ್ಜೆಯಲ್ಲೂ ಒಂದು ಸೋರಿಕೆಯಿದೆ. 'ಮನೆಯಲ್ಲಿ ಮಾತಾಡ್ತೀನಿ' ಎಂಬುದು ನಿಶ್ಚಯವಲ್ಲ. 'ಭಾನುವಾರ ಊಟ ಆದ್ಮೇಲೆ, ಯಜಮಾನರ ಹತ್ತಿರ, ಈ ಎರಡು ವಿಷಯ' ಎಂಬಷ್ಟು ಖಚಿತವಾದರೆ ಮಾತ್ರ ಹದಿನೈದು ದಿನದ ನಂತರ ಕೇಳಲು ಏನಾದರೂ ಇರುತ್ತದೆ.

ಕನ್ನಡದಲ್ಲಿ ಮಾಡುವ ಬಗ್ಗೆ ಕೇಳಿದ್ದೀರಿ. ಖಂಡಿತ ಮಾಡಬಹುದು. ಜಗಳ, ನಾಚಿಕೆ, ಆಸೆ ಇವನ್ನೆಲ್ಲ ಜನ ಮನೆಮಾತಿನಲ್ಲೇ ಸರಿಯಾಗಿ ಹೇಳಬಲ್ಲರು. ಆದರೆ ಇಂಗ್ಲಿಷಿನಲ್ಲಿ ಕಲಿತ ಪ್ರಶ್ನೆಗಳನ್ನು ಹಾಗೇ ಕನ್ನಡಕ್ಕೆ ಇಳಿಸಬೇಡಿ. 'ಯಾಕೆ ಹಾಗೆ ಮಾಡಿದಿರಿ?' ಎಂದರೆ ವಿಚಾರಣೆಯಂತೆ ಕೇಳಿಸುತ್ತದೆ, ಎದುರಿಗಿರುವವರು ಸಮರ್ಥನೆಗೆ ಇಳಿಯುತ್ತಾರೆ. 'ಆಗ ಏನು ಅನ್ನಿಸಿತು?', 'ಯಾವುದು ಅಡ್ಡ ಬಂತು?' ಎಂದರೆ ಮಾತು ಮುಂದುವರಿಯುತ್ತದೆ. 'ಯಜಮಾನರ ಜೊತೆ ಮಾತಾಡಿ ನೋಡಬಹುದಲ್ವಾ?' ಎಂಬುದಂತೂ ಪ್ರಶ್ನೆಯೇ ಅಲ್ಲ, ಪ್ರಶ್ನೆಯ ವೇಷದ ಸಲಹೆ. ಇನ್ನೊಂದು ಸಂಗತಿ: 'ಇದು ನಿಮ್ಮ ಬದುಕು, ನಿಮ್ಮ ನಿರ್ಧಾರ' ಎಂಬ ಮಾತು ಸ್ಲೈಡಿನಲ್ಲಿ ಚೆಂದ ಕಾಣುತ್ತದೆ, ಅತ್ತೆ ಮಾವ ಮೈದುನರ ನಡುವೆ ಬದುಕುವವರಿಗೆ ಅದು ಖಾಲಿ ಮಾತು. ಅದರ ಬದಲು 'ಈ ನಿರ್ಧಾರಕ್ಕೆ ಯಾರ ಒಪ್ಪಿಗೆ ಬೇಕು, ಯಾರಿಗೆ ತಿಳಿಸಿದರೆ ಸಾಕು?' ಎಂದು ಕೇಳಿ. ಅವರು ಕೂತು ಎರಡು ಪಟ್ಟಿ ಬರೆಯುತ್ತಾರೆ. ಒಪ್ಪಿಗೆಯ ಪಟ್ಟಿ ಎಣಿಸಿದ್ದಕ್ಕಿಂತ ಚಿಕ್ಕದಿರುವುದು ಸಾಮಾನ್ಯ.

ಈ ಕೌಶಲ ಬರುವುದು ಒಂದೇ ದಾರಿಯಿಂದ, ಅದು ಸ್ವಲ್ಪ ಮುಜುಗರದ್ದು. ಅಭ್ಯಾಸಕ್ಕೆ ಬಂದವರ ಲಿಖಿತ ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡಿ. ವಾರಕ್ಕೊಂದರಂತೆ, ನಡುವಿನ ಹತ್ತು ನಿಮಿಷವನ್ನು ಅಕ್ಷರಕ್ಕಿಳಿಸಿ. ನಿಮ್ಮ ಮಾತು ಎಷ್ಟು ನಿಮಿಷ, ಸಲಹೆ ಅಡಗಿದ ಪ್ರಶ್ನೆ ಎಷ್ಟು, ಅವರ ಮಾತಿನ ಮಧ್ಯೆ ಬಾಯಿ ಹಾಕಿದ್ದು ಎಷ್ಟು ಸಲ ಎಂದು ಎಣಿಸಿ. ಹತ್ತರಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ನೀವೇ ಮಾತಾಡಿದ್ದರೆ ಅದು ಕೋಚಿಂಗ್ ಅಲ್ಲ, ಹರಟೆ ಅಥವಾ ಪಾಠ. ತಿಂಗಳಿಗೊಮ್ಮೆ ಅನುಭವಿ ಕೋಚ್ ಒಬ್ಬರಿಗೆ ರೆಕಾರ್ಡಿಂಗ್ ಕೇಳಿಸಿ, ತಪ್ಪು ತೋರಿಸಲು ಹೇಳಿ. ಅವರಿಗೆ ಕೊಡುವ ಶುಲ್ಕ ಯಾವ ಕೋರ್ಸಿಗಿಂತಲೂ ಹೆಚ್ಚು ಕಲಿಸುತ್ತದೆ.

ಎಲ್ಲಿ ನಿಲ್ಲಿಸಬೇಕು

ಸೈಕಾಲಜಿ ಪದವಿ ಬೇಡವೆಂದೆ, ಆದರೆ ಯಾರನ್ನು ನೀವು ತೆಗೆದುಕೊಳ್ಳಬಾರದು ಎಂಬ ಜ್ಞಾನ ಬೇಕೇ ಬೇಕು. ಈ ವೃತ್ತಿಯಲ್ಲಿ ನಿಜವಾದ ಹಾನಿ ಆಗುವುದು ಇಲ್ಲಿ. 'ಮೋಟಿವೇಷನ್ ಇಲ್ಲ' ಎಂದು ಬರುವವರಲ್ಲಿ ಕೆಲವರಿಗೆ ಇರುವುದು ಖಿನ್ನತೆ. ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ದಿನದ ಕೆಲಸವೇ ನಡೆಯದಿದ್ದರೆ ಗುರಿ ಪಟ್ಟಿ ಬರೆಸಬೇಡಿ. ಅದು ಮುಗಿಯದೇ ಹೋದಾಗ ಅವರು ತಮ್ಮನ್ನೇ ಇನ್ನಷ್ಟು ಹಳಿದುಕೊಳ್ಳುತ್ತಾರೆ. ಸಾಯುವ ಮಾತು, ಇಲ್ಲದ ದನಿ ಕೇಳಿಸುವುದು, ಬಿಡಲಾಗದ ಕುಡಿತ, ಮನೆಯಲ್ಲಿ ಹೊಡೆತ ಬಡಿತ, ಇವು ಯಾವುವೂ ಕೋಚಿಂಗ್ ವಿಷಯಗಳಲ್ಲ. ಗಂಡ ಹೊಡೆಯುತ್ತಾನೆ ಎನ್ನುವವಳಿಗೆ ಸಂವಹನ ಕೌಶಲ ಕಲಿಸಲು ಹೋಗುವುದು ಅಪಾಯಕ್ಕೆ ದೂಡಿದಂತೆ. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ 'ಇನ್ನು ಬೇಡ, ನಿಲ್ಲಿಸಿ' ಎಂದು ಯಾವ ಕಾರಣಕ್ಕೂ ಹೇಳಬಾರದು.

ನಿಮಗೊಂದು ಅನುಕೂಲವಿದೆ: ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಪಕ್ಕದಲ್ಲೇ ಇದೆ. ಅಲ್ಲಿಗೆ ಒಂದು ದಿನ ಹೋಗಿ ಹೊರರೋಗಿ ವಿಭಾಗದ ಸಮಯ, ಚೀಟಿ ಮಾಡಿಸುವ ಕ್ರಮ ತಿಳಿದು ಬನ್ನಿ. 'ಡಾಕ್ಟರಿಗೆ ತೋರಿಸಿ' ಎಂದಷ್ಟೇ ಹೇಳಿದರೆ ಬಹುತೇಕರು ಹೋಗುವುದಿಲ್ಲ. ಯಾವ ಕೌಂಟರು, ಎಷ್ಟು ಹೊತ್ತಿಗೆ ಎಂದು ಹೇಳಿದರೆ ಹೋಗುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮಹಿಳೆಯರಿಗೆ 181, ತುರ್ತಿಗೆ 112. ಈ ಮೂರು ಸಂಖ್ಯೆಗಳು ನಿಮ್ಮ ಒಪ್ಪಂದ ಪತ್ರದಲ್ಲೇ ಅಚ್ಚಾಗಿರಲಿ.

ಕೋರ್ಸು, ಮಾನ್ಯತೆ, ಇಎಂಐ

'ಅಂತರರಾಷ್ಟ್ರೀಯ ಮಾನ್ಯತೆ' ಎಂದರೆ ಯಾರ ಮಾನ್ಯತೆ ಎಂದು ಮೊದಲು ಕೇಳಿ. ಐಎಸ್‌ಒ ಪ್ರಮಾಣಪತ್ರ ಸಂಸ್ಥೆಯ ಆಡಳಿತ ಕ್ರಮಕ್ಕೆ ಸಂಬಂಧಿಸಿದ್ದು, ಪಾಠದ ಗುಣಮಟ್ಟಕ್ಕಲ್ಲ. ಉದ್ಯಮ್ ನೋಂದಣಿಯನ್ನು ತೋರಿಸಿ 'ಸರ್ಕಾರದ ಮಾನ್ಯತೆ' ಎನ್ನುವವರಿದ್ದಾರೆ. ಅದು ಯಾವ ಸಣ್ಣ ಉದ್ದಿಮೆಗೂ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ.

ಈ ಕ್ಷೇತ್ರದಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು 1995ರಲ್ಲಿ ಅಮೆರಿಕದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಅಂದರೆ ಐಸಿಎಫ್. ಅದು ಸರ್ಕಾರಿ ಸಂಸ್ಥೆಯಲ್ಲ, ವೃತ್ತಿಪರರ ಒಕ್ಕೂಟ. ಅದು ಕೊಡುವ ಅರ್ಹತಾಪತ್ರಗಳಲ್ಲಿ ಮೊದಲ ಮೆಟ್ಟಿಲು ಎಸಿಸಿ. ಇದಕ್ಕೆ 60 ಗಂಟೆಯ ತರಬೇತಿ, 100 ಗಂಟೆಯ ಕೋಚಿಂಗ್ ಅನುಭವ (ಅದರಲ್ಲಿ 75 ಶುಲ್ಕ ಪಡೆದದ್ದು), ಕನಿಷ್ಠ ಎಂಟು ಗ್ರಾಹಕರು, ಮೂರು ತಿಂಗಳಿಗೆ ಕಡಿಮೆಯಾಗದಂತೆ ಹರಡಿದ 10 ಗಂಟೆಯ ಮೆಂಟರ್ ಕೋಚಿಂಗ್ (ಅನುಭವಿ ಕೋಚ್ ನಿಮ್ಮ ಕೋಚಿಂಗ್ ಗಮನಿಸಿ ತಿದ್ದುವುದು), ಜೊತೆಗೆ ಪರೀಕ್ಷೆ. ಮುಂದಿನ ಪಿಸಿಸಿಗೆ 125 ಗಂಟೆ ತರಬೇತಿ ಮತ್ತು 500 ಗಂಟೆ ಅನುಭವ. ಎಂಸಿಸಿಗೆ 200 ಮತ್ತು 2,500. ಮೂರು ವರ್ಷಕ್ಕೊಮ್ಮೆ ನವೀಕರಣವೂ ಆಗಬೇಕು. ನಿಯಮಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಅರ್ಜಿ ಹಾಕುವ ಮುನ್ನ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ಇಷ್ಟು ಓದಿದ ಮೇಲೆ 'ಎರಡು ದಿನದಲ್ಲಿ ಸರ್ಟಿಫೈಡ್' ಎಂಬುದು ಏನೆಂದು ನಿಮಗೇ ಹೊಳೆಯುತ್ತದೆ. ಕೋರ್ಸಿನ ಸರ್ಟಿಫಿಕೇಟ್ ಎಂದರೆ ಎಲ್‌ಎಲ್‌ಆರ್ ಇದ್ದಂತೆ, ಅದು ಕೈಗೆ ಬಂದ ಮಾತ್ರಕ್ಕೆ ಗಾಡಿ ಓಡಿಸಲು ಬರುವುದಿಲ್ಲ. ಈ 100 ಗಂಟೆ ಲೆಕ್ಕಕ್ಕೆ ಬರುವುದು ತರಬೇತಿ ಶುರುವಾದ ಮೇಲೆ ಮಾಡಿದ್ದು ಮಾತ್ರ. ಇದುವರೆಗೆ ಅಕ್ಕಪಕ್ಕದವರ ಜೊತೆ ಮಾತಾಡಿದ್ದು ಸೇರುವುದಿಲ್ಲ. ಸೆಷನ್ ಕನ್ನಡದಲ್ಲಿ ನಡೆದರೆ ಲೆಕ್ಕಕ್ಕೆ ಅಡ್ಡಿಯಿಲ್ಲ.

ಐಸಿಎಫ್ ಮಾನ್ಯತೆಯಲ್ಲೂ ಬಗೆಗಳಿವೆ. ಲೆವೆಲ್ 1, ಲೆವೆಲ್ 2 ಎಂಬವು ಎಸಿಸಿ, ಪಿಸಿಸಿಗೆ ಒಯ್ಯುವ ಪೂರ್ಣ ತರಬೇತಿಗಳು. ಸಿಸಿಇ ಎಂಬುದು ಮುಖ್ಯವಾಗಿ ಈಗಾಗಲೇ ಕೋಚ್ ಆಗಿರುವವರ ಮುಂದುವರಿಕೆ ಕಲಿಕೆಗೆ. ಸಿಸಿಇ ಅಂಕ ಕೊಡುವ ಕೋರ್ಸನ್ನು 'ಐಸಿಎಫ್ ಮಾನ್ಯ' ಎಂದು ಹೇಳಿ ಹೊಸಬರಿಗೆ ಮಾರುವುದು ಬಹಳ ಕಡೆ ನಡೆಯುವ ಕೈಚಳಕ. ಐಸಿಎಫ್ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ ಯಾವ ಲೆವೆಲ್ ಎಂದು ಕಾಣುತ್ತದೆ. ಫೋನ್ ಮಾಡುವ ಸೇಲ್ಸ್ ಹುಡುಗರನ್ನು ಇಷ್ಟು ಕೇಳಿ: ಒಂದು ಬ್ಯಾಚಿನಲ್ಲಿ ಎಷ್ಟು ಜನ? ನನ್ನ ಸೆಷನ್ನನ್ನು ಯಾರಾದರೂ ಕೇಳಿ ತಿದ್ದುತ್ತಾರೆಯೇ, ಎಷ್ಟು ಸಲ? ಮೆಂಟರ್ ಕೋಚಿಂಗ್ 10 ಗಂಟೆ ಶುಲ್ಕದಲ್ಲೇ ಸೇರಿದೆಯೇ? ಕಲಿಸುವವರು ಪಿಸಿಸಿಯೋ ಎಂಸಿಸಿಯೋ? ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್, ಬರವಣಿಗೆಯಲ್ಲಿ ಕೊಡುತ್ತೀರಾ? ಮುನ್ನೂರು ಜನರ ಝೂಮ್ ಬ್ಯಾಚಿನಲ್ಲಿ ಯಾರನ್ನೂ ತಿದ್ದಲು ಆಗುವುದಿಲ್ಲ.

ಇನ್ನು ದುಡ್ಡಿನ ವಿಷಯ. 1,80,000ಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 2,12,400. ನೀವು ಬ್ಯಾಂಕಿನವರು, ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ನೋ ಕಾಸ್ಟ್ ಇಎಂಐ ಎಂದರೆ ನಿಮ್ಮ ಹೆಸರಿನಲ್ಲಿ ಫೈನಾನ್ಸ್ ಕಂಪನಿಯೊಂದು ಕೊಡುವ ಸಾಲ. ಕೋರ್ಸಿನವರಿಗೆ ಹಣ ಮೊದಲೇ ಸೇರಿರುತ್ತದೆ. ಪಾಠ ಹಿಡಿಸಲಿಲ್ಲವೆಂದು ಕಂತು ನಿಲ್ಲಿಸಿದರೆ ಕೆಡುವುದು ನಿಮ್ಮ ಸಿಬಿಲ್ ಅಂಕ. ಡಿಜಿಟಲ್ ಸಾಲವಾಗಿದ್ದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹಿಂದೆ ಸರಿಯಲು ಕೂಲಿಂಗ್ ಆಫ್ ಅವಧಿ ಇರಬೇಕು, ಅದು ಎಷ್ಟು ದಿನವೆಂದು ಸಹಿಗೆ ಮುನ್ನ ಓದಿ. ಹಣ ಕಟ್ಟಿ ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಮಧ್ಯರಾತ್ರಿಯ ಗಡುವು ಬಹುಮಟ್ಟಿಗೆ ಮುಂದಿನ ವಾರವೂ ಬರುತ್ತದೆ.

ಎರಡು ಲಕ್ಷದ ಲೆಕ್ಕ

ವೆಬಿನಾರಿನಲ್ಲಿ ತೋರಿಸುವ ಲೆಕ್ಕ 'ಶುಲ್ಕ ಗುಣಿಸು ಗ್ರಾಹಕರು' ಎಂಬಲ್ಲಿಗೆ ನಿಲ್ಲುತ್ತದೆ. ಅದರ ಹಿಂದಿನದನ್ನೂ ಬರೆಯೋಣ. ಎರಡು ಲಕ್ಷ ಬಿಡಿ, ಈಗಿನ ಸಂಬಳವನ್ನೇ ತೆಗೆದುಕೊಳ್ಳಿ.

ಸೆಷನ್ನಿಗೆ 1,200 ರೂಪಾಯಿಯಂತೆ 58,000ದ ಹತ್ತಿರ ಬರಲು ತಿಂಗಳಿಗೆ 48 ಸೆಷನ್ ಬೇಕು. ಒಬ್ಬರಿಗೆ ತಿಂಗಳಿಗೆ ಎರಡು ಸೆಷನ್ ಎಂದರೆ ಏಕಕಾಲಕ್ಕೆ 24 ಗ್ರಾಹಕರು. ಒಬ್ಬ ಗ್ರಾಹಕರು ಸಾಮಾನ್ಯವಾಗಿ ಆರು ಸೆಷನ್, ಅಂದರೆ ಮೂರು ತಿಂಗಳು ಇರುತ್ತಾರೆ ಎಂದಿಟ್ಟುಕೊಂಡರೆ ಪ್ರತಿ ತಿಂಗಳು ಎಂಟು ಜನ ಹೊರಡುತ್ತಾರೆ, ಎಂಟು ಹೊಸಬರು ಬರಬೇಕು. ಪರಿಚಯದ ಮಾತುಕತೆಗೆ ಬಂದ ನಾಲ್ವರಲ್ಲಿ ಒಬ್ಬರು ಸೇರಿದರೂ (ಹೊಸಬರಿಗೆ ಇದೇ ಒಳ್ಳೆಯ ಪ್ರಮಾಣ) ತಿಂಗಳಿಗೆ 32 ಮಾತುಕತೆ, ಅರ್ಧ ಗಂಟೆಯಂತೆ 16 ಗಂಟೆ. ಅಷ್ಟು ಜನರನ್ನು ಎಲ್ಲಿಂದ ತರುತ್ತೀರಿ ಎಂಬುದೇ ಈ ವೃತ್ತಿಯ ನಿಜವಾದ ಪ್ರಶ್ನೆ. ಶುಲ್ಕ 2,500 ಆದರೆ 23 ಸೆಷನ್, ಹನ್ನೆರಡು ಗ್ರಾಹಕರು, ತಿಂಗಳಿಗೆ ನಾಲ್ಕು ಹೊಸಬರು, 16 ಮಾತುಕತೆ ಸಾಕು. ಆದರೆ ಆ ಶುಲ್ಕ ಕೇಳಲು ಏನು ಮಾಡಬಲ್ಲಿರಿ ಎಂಬುದಕ್ಕೆ ಪುರಾವೆ ಬೇಕು. ಝೂಮ್, ಮೆಂಟರ್ ಶುಲ್ಕ, ಓಡಾಟ, ರಜೆ ಹಾಕಿದಾಗ ತಪ್ಪುವ ಆದಾಯ, ಪಿಎಫ್ ಮತ್ತು ಕಂಪನಿಯ ಆರೋಗ್ಯ ವಿಮೆ ಕೈತಪ್ಪುವುದು ಇವನ್ನೆಲ್ಲ ಇನ್ನೂ ಕಳೆದಿಲ್ಲ.

ಆದ್ದರಿಂದಲೇ ಪೂರ್ಣಾವಧಿ ಬದುಕುವ ಕೋಚ್‌ಗಳಲ್ಲಿ ಬಹಳ ಮಂದಿಗೆ ಸ್ಥಿರವಾದ ಭಾಗ ಬರುವುದು ಬಿಡಿ ಗ್ರಾಹಕರಿಂದಲ್ಲ, ಕಂಪನಿಗಳಿಂದ. ಇನ್ನು ದೊಡ್ಡ ಆದಾಯ ತೋರಿಸುವವರಲ್ಲಿ ಎಷ್ಟೋ ಜನ ಗಳಿಸುವುದು ಕೋಚಿಂಗ್‌ನಿಂದಲ್ಲ, ಕೋಚ್ ಆಗುವುದು ಹೇಗೆಂದು ಕಲಿಸುವ ಕೋರ್ಸಿನಿಂದ. ಅಲ್ಲಿ ಗ್ರಾಹಕರು ನೀವೇ. ಕೋರ್ಸ್ ಮುಗಿದ ಮೇಲೆ 'ನೀವೂ ಹತ್ತು ಜನರನ್ನು ಸೇರಿಸಿ, ಕಮಿಷನ್ ಬರುತ್ತದೆ' ಎಂದರೆ ಅಲ್ಲಿಂದ ಹೊರಟುಬಿಡಿ.

ಮುಂದಿನ ಎರಡು ವರ್ಷ

ಮೊದಲ ಕೆಲಸ, ನಿಮ್ಮ ನೇಮಕಾತಿ ಪತ್ರ ತೆಗೆದು ಹೊರಗಿನ ಕೆಲಸದ ಬಗ್ಗೆ ಏನು ಬರೆದಿದೆ ನೋಡಿ. ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಮುಂಗಡ ಅನುಮತಿಯಿಲ್ಲದೆ ಸಂಭಾವನೆಯ ಕೆಲಸ ಮಾಡುವಂತಿಲ್ಲ. ಎಚ್‌ಆರ್‌ಗೆ ಇಮೇಲ್ ಬರೆದು ಅನುಮತಿ ಪಡೆಯಿರಿ. ಅದು ಸಿಗುವವರೆಗೆ ಶುಲ್ಕವಿಲ್ಲದ ಅಭ್ಯಾಸ ಮಾತ್ರ. 100ರಲ್ಲಿ 25 ಗಂಟೆ ಹಾಗೆ ಮಾಡಲು ಹೇಗೂ ಅವಕಾಶವಿದೆ. ಬ್ಯಾಂಕಿನ ಗ್ರಾಹಕರನ್ನು ಕೋಚಿಂಗ್‌ಗೆ ಕರೆಯಬೇಡಿ, ಅವರ ಫೋನ್ ನಂಬರು ಅಲ್ಲಿಂದ ಎತ್ತಲೇಬೇಡಿ.

ಮೊದಲ ಮೂರು ತಿಂಗಳು ಲಕ್ಷದ ಕೋರ್ಸ್ ಬೇಡ. ಕೆಲವು ಸಂಸ್ಥೆಗಳು ಸಣ್ಣ ಪರಿಚಯ ತರಗತಿ ನಡೆಸುತ್ತವೆ, ಅದರಲ್ಲಿ ಕೂತು ನೋಡಿ. ಜೊತೆಗೆ ನೀವೇ ಶುಲ್ಕ ಕೊಟ್ಟು ಒಬ್ಬ ಕೋಚ್ ಬಳಿ ನಾಲ್ಕಾರು ಸೆಷನ್ ಗ್ರಾಹಕರಾಗಿ ಕೂರಿ. ಆ ಕುರ್ಚಿಯಲ್ಲಿ ಕೂರದೆ ಈ ಕುರ್ಚಿ ಅರ್ಥವಾಗುವುದಿಲ್ಲ. ಆಮೇಲೂ ಆಸೆ ಹಾಗೇ ಇದ್ದರೆ ಲೆವೆಲ್ 1 ಕೋರ್ಸ್ ಸೇರಿ. ಅವೂ ಸಾಮಾನ್ಯವಾಗಿ ಲಕ್ಷದ ಮೇಲೇ ಇರುತ್ತವೆ, ಆದ್ದರಿಂದ ಸಾಲದಿಂದಲ್ಲದೆ ಉಳಿತಾಯದಿಂದ ಕಟ್ಟಿ.

ಯಾರಿಗೆ ಕೋಚ್ ಆಗುತ್ತೀರಿ ಎಂಬುದನ್ನು ಬೇಗ ನಿಶ್ಚಯಿಸಿ. 'ಎಲ್ಲರ ಎಲ್ಲ ಸಮಸ್ಯೆಗೂ' ಎನ್ನುವವರ ಬಳಿ ಯಾರೂ ಬರುವುದಿಲ್ಲ, ಯಾಕೆಂದರೆ ಯಾರಿಗೂ ಅದು ತನಗೇ ಎಂದು ಅನ್ನಿಸುವುದಿಲ್ಲ. ನಿಮ್ಮ 14 ವರ್ಷವೇ ನಿಮ್ಮ ಬಂಡವಾಳ. ಬ್ಯಾಂಕು ಮತ್ತು ಸಹಕಾರಿ ಸೊಸೈಟಿಗಳಲ್ಲಿ ಮೊದಲ ಬಾರಿ ಮ್ಯಾನೇಜರ್ ಆದವರು, ವರ್ಗಾವಣೆಯ ಭಯಕ್ಕೆ ಪ್ರಮೋಷನ್ ಬಿಟ್ಟುಕೊಡುವ ಹೆಂಗಸರು, ಹೆರಿಗೆ ರಜೆಯ ನಂತರ ಕೆಲಸಕ್ಕೆ ಮರಳುವವರು, ಇವರ ಭಾಷೆ, ಟಾರ್ಗೆಟ್, ತಿಂಗಳ ಕೊನೆಯ ಒತ್ತಡ ನಿಮಗೆ ಗೊತ್ತು. ಉತ್ತರ ಕರ್ನಾಟಕದಲ್ಲಿ ಸಹಕಾರಿ ಸಂಘಗಳು ಹೇರಳ. ಅಂಥ ಒಂದು ಸೊಸೈಟಿಯ ಆರು ಹೊಸ ಮ್ಯಾನೇಜರುಗಳಿಗೆ ಮೂರು ತಿಂಗಳ ಕಾರ್ಯಕ್ರಮ ಮಾಡಿಕೊಟ್ಟರೆ ಅದು ಇನ್‌ಸ್ಟಾಗ್ರಾಮಿನ ನೂರು ರೀಲಿಗಿಂತ ಹೆಚ್ಚು ಕೆಲಸ ತರುತ್ತದೆ. ಆದರೆ ಹಾಗೆ ಸಂಸ್ಥೆಯೇ ಶುಲ್ಕ ಕೊಡುವಾಗ, ಸೆಷನ್ನಿನ ಒಳಮಾತು ಯಾರಿಗೂ ಹೋಗದು, ಹಾಜರಾತಿ ಮತ್ತು ಒಪ್ಪಿದ ಗುರಿಯಷ್ಟೇ ವರದಿ ಎಂದು ಮೊದಲೇ ಬರೆದುಕೊಳ್ಳಿ. ಇಲ್ಲದಿದ್ದರೆ ಎರಡನೇ ವಾರಕ್ಕೇ ಚೇರ್ಮನ್ನರು 'ಅವ ಏನ್ ಅಂದ?' ಎಂದು ಕೇಳುತ್ತಾರೆ.

ಊರು ಚಿಕ್ಕದು ಎಂಬುದನ್ನು ಮರೆಯಬೇಡಿ. ನೆಂಟರು, ಪಕ್ಕದ ಮನೆಯವರು, ನಿಮ್ಮ ಕೈಕೆಳಗಿನವರನ್ನು ಗ್ರಾಹಕರಾಗಿ ತೆಗೆದುಕೊಳ್ಳಬೇಡಿ. ಅವರನ್ನು ಇನ್ನೊಬ್ಬ ಕೋಚ್ ಬಳಿ ಕಳಿಸಿ. ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆಯಾಗಿ ಒಪ್ಪಿಕೊಳ್ಳುವುದೂ ತೊಂದರೆಗೆ ದಾರಿ. 'ಅಕ್ಕಾರ' ಎಂದು ಕರೆಯತೊಡಗಿದವರು ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಾರೆ. ಕರೆಯುವುದನ್ನು ತಡೆಯಬೇಕಿಲ್ಲ, ಫೋನಿನ ಸಮಯವನ್ನು ಮಾತ್ರ ಮೊದಲ ದಿನವೇ ಹೇಳಿಬಿಡಿ. 'ಮಾತಾಡಾಕೂ ರೊಕ್ಕಾ ಏನ್ರಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಅರ್ಧ ಗಂಟೆಯ ಮೊದಲ ಭೇಟಿ ಪುಕ್ಕಟೆ, ನಂತರ ಆರು ಸೆಷನ್ನಿಗೆ ಇಷ್ಟು, ಮುಂಗಡ, 24 ಗಂಟೆ ಮೊದಲು ತಿಳಿಸದೆ ತಪ್ಪಿಸಿದರೆ ಆ ಸೆಷನ್ ಲೆಕ್ಕಕ್ಕೆ ಹೋಯಿತು ಎಂದು ಒಂದು ಪುಟದ ಕನ್ನಡ ಒಪ್ಪಂದದಲ್ಲಿ ಬರೆಯಿರಿ. ಗೋಪ್ಯತೆ, ಅದಕ್ಕಿರುವ ವಿನಾಯಿತಿ (ಪ್ರಾಣಾಪಾಯವಿದ್ದಾಗ), ಇದು ಚಿಕಿತ್ಸೆಯಲ್ಲ ಎಂಬ ಸಾಲು, ಟಿಪ್ಪಣಿಗಳನ್ನು ಎಷ್ಟು ಕಾಲ ಇಡುತ್ತೀರಿ ಎಂಬುದೂ ಅದರಲ್ಲೇ ಇರಲಿ. ಗ್ರಾಹಕರ ಹೆಸರು, ಫೋಟೊ, ವಾಟ್ಸ್ಆ್ಯಪ್ ಸಂದೇಶವನ್ನು ಜಾಹೀರಾತಿಗೆ ಬಳಸುವಾಗ ಲಿಖಿತ ಒಪ್ಪಿಗೆ ಬೇಕು. ಕೇಳಿದರೆ ಯಾರೂ ಇಲ್ಲವೆನ್ನಲಾರರು ಎಂಬ ಕಾರಣಕ್ಕೇ, ಕಾರ್ಯಕ್ರಮ ಮುಗಿಯುವವರೆಗೆ ಕೇಳದಿರುವುದು ಮೇಲು.

ಯಜಮಾನರ ಆತಂಕಕ್ಕೆ ಅರ್ಥವಿದೆ, ಅದನ್ನು ವಿರೋಧವೆಂದು ಓದಬೇಡಿ. ಅವರ ಮುಂದೆ ಮೇಲಿನ 48 ಸೆಷನ್ನಿನ ಲೆಕ್ಕ ಇಡಿ. ಇಷ್ಟು ಹಣದವರೆಗೆ, ಇಂಥ ತಾರೀಖಿನವರೆಗೆ ಎಂದು ಇಬ್ಬರೂ ಕೂತು ಒಂದು ಮಿತಿ ಬರೆಯಿರಿ. ನೌಕರಿ ಬಿಡುವ ಬಗ್ಗೆ ಯೋಚಿಸಬೇಕಾದದ್ದು ಸತತ ಆರು ತಿಂಗಳು ಕೋಚಿಂಗ್ ಆದಾಯ ಸಂಬಳದ ಅರ್ಧ ದಾಟಿದಾಗ, ಬರುವವರಲ್ಲಿ ಹೆಚ್ಚಿನವರು ಹಳೆಯ ಗ್ರಾಹಕರು ಕಳಿಸಿದವರಾದಾಗ, ಒಂದು ವರ್ಷದ ಮನೆಖರ್ಚು ಕೈಯಲ್ಲಿದ್ದಾಗ. ಮೂರರಲ್ಲಿ ಎರಡು ಮಾತ್ರ ಆಗಿದ್ದರೆ ಶನಿವಾರ, ಭಾನುವಾರದ ಕೆಲಸವಾಗಿಯೇ ಮುಂದುವರಿಸಿ. ಹಾಗೆ ವರ್ಷಗಟ್ಟಲೆ ಅರೆಕಾಲಿಕವಾಗಿ ಚೆನ್ನಾಗಿ ಮಾಡುವವರೂ ಇದ್ದಾರೆ, ಅದರಲ್ಲಿ ಸೋಲೇನೂ ಇಲ್ಲ.

ಶುಲ್ಕ ಪಡೆಯಲು ಶುರು ಮಾಡಿದ ದಿನದಿಂದ ಬೇರೆ ಬ್ಯಾಂಕ್ ಖಾತೆ ಇಡಿ, ರಸೀದಿ ಕೊಡಿ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೆ ಮೊದಲ ರೂಪಾಯಿಯಿಂದಲೇ ಆದಾಯ ತೆರಿಗೆಯ ರಿಟರ್ನ್‌ನಲ್ಲಿ ತೋರಿಸಬೇಕು. ಸಂಬಳದ ಜೊತೆಗೆ ವೃತ್ತಿ ಆದಾಯ ಸೇರಿದರೆ ನೀವು ಈಗ ತುಂಬುವ ರಿಟರ್ನ್ ಫಾರ್ಮ್ ಬದಲಾಗುತ್ತದೆ. ಕಂಪನಿಗಳು ಕೊಡುವ ಶುಲ್ಕದಲ್ಲಿ ಸಾಮಾನ್ಯವಾಗಿ ಶೇ 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿತವಾಗಿ ಬರುತ್ತದೆ. ಅದು ಆದಾಯ ತೆರಿಗೆ ಜಾಲತಾಣದ ತೆರಿಗೆ ಜಮೆ ಪಟ್ಟಿಯಲ್ಲಿ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಸಣ್ಣ ಸಂಸ್ಥೆಗಳು ಕಡಿತ ಮಾಡಿ ಕಟ್ಟಲು ಮರೆಯುವುದುಂಟು, ವರ್ಷ ಕಳೆದ ಮೇಲೆ ಅವರ ಹಿಂದೆ ಓಡಾಡುವುದು ಕಷ್ಟ.